ಕಾಯುವ ವಾರಗಳ ಲೆಕ್ಕ

28 ಡಿಸೆಂಬರ್ 2025, ಭಾನುವಾರ

ಕಾದಂಬರಿಯ ಕರಡು 38,000 ಪದಕ್ಕೆ ಬಂದು ನಿಂತಿದೆ. 60,000ದ ಆಸುಪಾಸಿನಲ್ಲಿ ಮುಗಿಯಬೇಕು, ಅಂದರೆ ಉಳಿದದ್ದು 22,000. ದಿನಕ್ಕೆ 500 ಪದ, ವಾರಕ್ಕೆ ಐದು ದಿನ ಎಂದರೆ ಒಂಬತ್ತು ವಾರ. ಜ್ವರ, ನೆಂಟರು, ಕೈಕೊಡುವ ಕೀಬೋರ್ಡು ಎಲ್ಲಕ್ಕೂ ಸೇರಿಸಿ ಇನ್ನೆರಡು. ಜನವರಿ 5ರ ಸೋಮವಾರ ಶುರುವಾದರೆ ಮಾರ್ಚ್ 22ಕ್ಕೆ ಮೊದಲ ಕರಡು ಮುಗಿಯುತ್ತದೆ.

ಪ್ರಕಾಶಕರಿಲ್ಲದೆ ತಾವೇ ಪುಸ್ತಕ ತರುವವರು ಸಾಮಾನ್ಯವಾಗಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಎಡವುವುದೂ ಇಲ್ಲೇ. ಬರೆಯುವ ದಿನಗಳು ಕ್ಯಾಲೆಂಡರಿನಲ್ಲಿರುತ್ತವೆ, ಕಾಯುವ ದಿನಗಳು ಇರುವುದಿಲ್ಲ. ಆದ್ದರಿಂದ ಈ ಸಲದ ಪಟ್ಟಿಯಲ್ಲಿ ಕಾಯುವ ವಾರಗಳಿಗೆ ಕೆಂಪು ಶಾಯಿ.

ಮಾರ್ಚ್ 23ರಿಂದ ಐದು ವಾರ ಹಸ್ತಪ್ರತಿಯನ್ನು ಮುಟ್ಟುವಂತಿಲ್ಲ (ಕೆಂಪು). ಏಪ್ರಿಲ್ 27ರಿಂದ ಎರಡನೇ ಕರಡು: ದಿನಕ್ಕೆ 1,500 ಪದ ತಿದ್ದಿದರೆ ಎಂಟು ವಾರ. ಜೂನ್ 22ಕ್ಕೆ ಮೊದಲ ಓದುಗರ ಕೈಗೆ, ನಾಲ್ಕು ವಾರ (ಕೆಂಪು). ಅವರು ಹೇಳಿದ್ದನ್ನು ಸರಿಪಡಿಸಲು ಮೂರು ವಾರ. ಆಗಸ್ಟ್ 10ರಿಂದ ಸಂಪಾದಕರ ಬಳಿ ಆರು ವಾರ (ಕೆಂಪು). ಅವರ ತಿದ್ದುಪಡಿಗಳನ್ನು ಒಂದೊಂದಾಗಿ ನೋಡಲು ಎರಡು, ಪುಟವಿನ್ಯಾಸ ಮತ್ತು ಪ್ರೂಫಿಗೆ ಮೂರು, ಅಚ್ಚಿಗೆ ಮೂರು (ಇದೂ ಕೆಂಪು). ನವೆಂಬರ್ 16. ಒಟ್ಟು 45 ವಾರಗಳಲ್ಲಿ 18 ಕೆಂಪು. ಇವನ್ನು ಬಿಟ್ಟು ಲೆಕ್ಕ ಹಾಕಿದವರ ಪುಸ್ತಕ ಜುಲೈಗೆ ಎಂದು ಘೋಷಣೆಯಾಗಿ ಮುಂದಿನ ಚಳಿಗಾಲಕ್ಕೆ ಬರುತ್ತದೆ, ಅದೂ ಪ್ರೂಫ್ ನೋಡದೆ.

ಆ 18 ವಾರ ಸುಮ್ಮನೆ ಕೂರಬೇಕೆಂದೇನಿಲ್ಲ. ಮೊದಲ ಐದರಲ್ಲಿ ಹಿಂಬದಿಯ ಮುಖಪುಟಕ್ಕೆ ಬೇಕಾದ ನೂರು ಪದಗಳ ಪರಿಚಯ ಬರೆಯಬಹುದು, ಮುಖಪುಟದ ಕಲಾವಿದರಿಗೆ ಟಿಪ್ಪಣಿ ಕೊಡಬಹುದು, ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಗೆ, ಅರ್ಜಿ ಹಾಕಬಹುದು. ಮುದ್ರಿತ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೆ ಬೇರೆಯೇ ಒಂದು ಸಂಖ್ಯೆ ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯದೇ ಸಾಕು. ಈ ಅರ್ಜಿಯನ್ನು ಕೊನೆಗೆ ಇಟ್ಟುಕೊಂಡರೆ ಮುಖಪುಟ ಸಿದ್ಧವಾಗಿದ್ದರೂ ಬಾರ್‌ಕೋಡಿನ ಜಾಗ ಖಾಲಿ ಉಳಿಯುತ್ತದೆ.

ಇನ್ನು ಈ ಚಳಿಯ ಹನ್ನೊಂದು ವಾರಗಳ ಮಾತು. ಬೆಳಕು ತಡವಾಗಿ ಬರುತ್ತದೆ, ಬೆರಳು ಮರಗಟ್ಟಿರುತ್ತವೆ, ಕುಳಿತ ಕೂಡಲೇ ಹೊಸ ವಾಕ್ಯ ಬರುವುದಿಲ್ಲ. ಅದಕ್ಕೆ ಮೊದಲ ಹತ್ತು ನಿಮಿಷ ಹಿಂದಿನ ದಿನದ ಕೊನೆಯ ಪ್ಯಾರಾವನ್ನು ಕಾಗದದ ಮೇಲೆ ಕೈಯಲ್ಲೇ ನಕಲು ಮಾಡುವುದು ಒಳ್ಳೆಯದು. ಬೆರಳೂ ಬಿಸಿಯಾಗುತ್ತವೆ, ನಿನ್ನೆಯ ಲಯವೂ ಕಿವಿಗೆ ಬೀಳುತ್ತದೆ. ಆಮೇಲೆ 45 ನಿಮಿಷದ ಎರಡು ಬೈಠಕ್, ನಡುವೆ ಎದ್ದು ಓಡಾಟ. ನಿಲ್ಲಿಸುವುದು ದೃಶ್ಯದ ನಡುವೆಯೇ. ಮುಂದಿನ ಮಾತು ಯಾರದ್ದು ಎಂದು ಒಂದು ಸಾಲು ಗೀಚಿಟ್ಟು ಏಳಬೇಕು. ಅಧ್ಯಾಯ ಮುಗಿಸಿಯೇ ಏಳುವ ಹಟ ಮಾಡಿದರೆ ಮರುದಿನ ಬಿಳಿ ಹಾಳೆಯ ಮುಂದೆ ಒಂದು ಗಂಟೆ ಹೋಗುತ್ತದೆ.

38,000 ಅಪಾಯದ ಜಾಗ. ಪಾತ್ರಗಳ ಪರಿಚಯವಾಗಿದೆ, ಅಂತ್ಯ ಇನ್ನೂ ದೂರ. ಇಲ್ಲಿ ಪಾತ್ರಗಳು ಊಟ ಮಾಡುತ್ತವೆ, ಕಿಟಕಿಯಿಂದ ಹೊರಗೆ ನೋಡುತ್ತವೆ, ಹಳೆಯದನ್ನು ನೆನಪಿಸಿಕೊಳ್ಳುತ್ತವೆ. ಯಾರೂ ಏನನ್ನೂ ನಿರ್ಧರಿಸದೆ ಇರುವುದೇ ಇದಕ್ಕೆ ಕಾರಣ. ಉಳಿದ 22,000 ಪದ ಎಂದರೆ 1,400ರ ಸುಮಾರಿನ ಹದಿನಾರು ದೃಶ್ಯಗಳು. ಹದಿನಾರು ಚೀಟಿ, ಪ್ರತಿಯೊಂದರಲ್ಲೂ ಮೂರು ಸಾಲು: ಯಾರಿಗೆ ಏನು ಬೇಕು, ಅಡ್ಡಿ ಏನು, ದೃಶ್ಯ ಮುಗಿದಾಗ ಮೊದಲಿಗಿಂತ ಏನು ಬದಲಾಗಿದೆ. ಮೂರನೇ ಸಾಲು ಖಾಲಿ ಬಿದ್ದ ಚೀಟಿಯನ್ನು ಪಕ್ಕದ ಚೀಟಿಯೊಂದಿಗೆ ಬೆಸೆಯಬೇಕು ಅಥವಾ ಹರಿದು ಹಾಕಬೇಕು. ಹದಿನಾರು ಹದಿಮೂರಾದರೆ ಪದಸಂಖ್ಯೆ ಕಡಿಮೆಯಾಯಿತೆಂದು ಕೊರಗುವುದು ಬೇಡ. ಕಾದಂಬರಿ ಕಿಲೋ ಲೆಕ್ಕದಲ್ಲಿ ಮಾರುವ ಸರಕಲ್ಲ.

ಇನ್ನೊಂದು ಹಾಳೆಯಲ್ಲಿ ಪಾತ್ರಗಳ ಹೆಸರು, ವಯಸ್ಸು, ಘಟನೆ ನಡೆದ ವಾರ, ಯಾವ ಸಂಗತಿ ಯಾರಿಗೆ ಯಾವಾಗ ತಿಳಿಯಿತು ಎಂಬ ಪಟ್ಟಿ. ಹನ್ನೊಂದನೇ ಅಧ್ಯಾಯದಲ್ಲಿ ತಿಳಿದ ಗುಟ್ಟನ್ನು ಒಂಬತ್ತರಲ್ಲೇ ಆಡಿಬಿಡುವ ಪಾತ್ರ ಪ್ರತಿ ಕರಡಿನಲ್ಲೂ ಒಬ್ಬರಿರುತ್ತಾರೆ. ಅದು ಕಣ್ಣಿಗೆ ಬಿದ್ದರೂ ಈಗ ಹಿಂದಕ್ಕೆ ಹೋಗಿ ತಿದ್ದಬಾರದು. ಪಟ್ಟಿಯಲ್ಲಿ ಗುರುತು ಹಾಕಿ, ಈಗಾಗಲೇ ತಿದ್ದಿದಂತೆ ಭಾವಿಸಿ ಮುಂದಕ್ಕೆ ಬರೆಯಬೇಕು. ಮೊದಲ ಅಧ್ಯಾಯವನ್ನು ಹತ್ತು ಸಲ ತಿದ್ದಿ ಕೊನೆಯದನ್ನು ಬರೆಯದವರಿಗೆ ಲೆಕ್ಕವಿಲ್ಲ, ಮತ್ತು ಕೊನೆ ಬರೆದ ಮೇಲೆ ಆ ಮೊದಲ ಅಧ್ಯಾಯ ಹೇಗೂ ಬದಲಾಗುತ್ತದೆ.

ಪುಟಗಳ ಲೆಕ್ಕವನ್ನು ಈಗಲೇ ಮಾಡಿಡುವುದು ವಾಸಿ. ಡೆಮಿ 1/8 ಎಂಬ ಪುಸ್ತಕದ ಆಕಾರದಲ್ಲಿ ಪುಟಕ್ಕೆ 32 ಸಾಲು, ಸುಮಾರು 220 ಪದ ಎಂದಿಟ್ಟುಕೊಂಡರೆ 60,000 ಪದಕ್ಕೆ 273 ಪುಟ. ಇಪ್ಪತ್ನಾಲ್ಕು ಅಧ್ಯಾಯಗಳು ಹೊಸ ಪುಟದಿಂದ ಶುರುವಾಗುವುದರಿಂದ ಸರಾಸರಿ ಅರ್ಧ ಪುಟದಂತೆ 12 ಹೆಚ್ಚು, ಶೀರ್ಷಿಕೆ ಇತ್ಯಾದಿಗೆ 8. ಒಟ್ಟು 293. ಅಚ್ಚಾಗುವುದು 16 ಪುಟದ ಫಾರಂಗಳಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿಕೊಳ್ಳುವ ಪುಟಗಳ ಕಟ್ಟುಗಳಲ್ಲಿ. 18 ಫಾರಂಗೆ 288, 19ಕ್ಕೆ 304. ಐದು ಪುಟಕ್ಕಾಗಿ ಒಂದು ಇಡೀ ಫಾರಂ! ಪುಟಕ್ಕೆ 33 ಸಾಲು ಮಾಡಿದರೆ ಎಂಟು ಪುಟ ಉಳಿದು 285ಕ್ಕೆ ಇಳಿಯುತ್ತದೆ. ಆದರೆ ಕನ್ನಡಕ್ಕೆ ಸಾಲಿನ ಅಂತರವನ್ನು ತೀರಾ ಹಿಂಡಬಾರದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಅಕ್ಷರಗಳ ತಲೆಗೆ ತಾಗುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರಕ್ಕಿಂತ ಕೆಳಗಿಳಿಯದೆ, ಅಂಚಿನ ಬಿಳಿಯಲ್ಲೇ ಆ ಒಂದು ಸಾಲಿಗೆ ಜಾಗ ಹುಡುಕಬೇಕು.

ಪುಸ್ತಕದ ಬೆನ್ನಿನ ಅಗಲವೂ ಇದರ ಮೇಲೆಯೇ ನಿಂತಿದೆ. 288 ಪುಟ ಎಂದರೆ 144 ಹಾಳೆ. ಹಾಳೆ 0.1 ಮಿಲಿಮೀಟರ್ ದಪ್ಪವಿದ್ದರೆ ಬೆನ್ನು 14.4, 0.12 ಇದ್ದರೆ 17.3. ಮೂರು ಮಿಲಿಮೀಟರ್ ತಪ್ಪಿದರೆ ಬೆನ್ನಿನ ಮೇಲಿರಬೇಕಾದ ಹೆಸರು ಮುಖಪುಟದ ಕಡೆಗೆ ವಾಲುತ್ತದೆ. ಹಾಗಾಗಿ ಪುಟಸಂಖ್ಯೆ ಮತ್ತು ಕಾಗದ ಎರಡೂ ಗಟ್ಟಿಯಾಗುವವರೆಗೆ ಮುಂಭಾಗದ ಚಿತ್ರ ಮಾತ್ರ. ಚಿತ್ರ 300 ಡಿಪಿಐ (ಇಂಚಿಗೆ ಚುಕ್ಕಿಗಳ ಲೆಕ್ಕ) ಇರಲಿ, ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಬಿಟ್ಟಿರಲಿ.

ಕಡತದ ಶುದ್ಧಿಯನ್ನು ಪುಟವಿನ್ಯಾಸಕ್ಕೆ ಮುಂಚೆ ಮುಗಿಸಬೇಕು. ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಕೂತಿರುವುದು ಬಲು ಸಾಮಾನ್ಯ. ‘ಬ೦ದ’ ಮತ್ತು ‘ಬಂದ’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇ-ಪುಸ್ತಕದಲ್ಲಿ ಓದುಗ ಪದ ಹುಡುಕಿದಾಗ ಅರ್ಧ ಸಿಗುವುದಿಲ್ಲ. ‘೦’ ಎಂದು ಹುಡುಕಿ ಒಂದೊಂದನ್ನೂ ನೋಡಬೇಕು. ಹಾಗೆಯೇ ‘ಬಸ್‌ಗೆ’ ಎಂಬುದು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ‘ಬಸ್ಗೆ’ ಆಗಿಬಿಡುತ್ತದೆ, ನಡುವಿನ ಕಾಣದ ಅಕ್ಷರ ಬಿದ್ದುಹೋದದ್ದರಿಂದ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ: ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಲ್ಲ ಎಂದರ್ಥ.

ಕಡತದ ಪ್ರತಿಗಳು ಮೂರು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಕಡತದ ಹೆಸರಿನಲ್ಲಿ ದಿನಾಂಕ. ‘ಅಂತಿಮ’, ‘ಕಡೆಯ ಅಂತಿಮ’ ಎಂಬ ಹೆಸರುಗಳಿಗೆ ಈ ವರ್ಷ ಪ್ರವೇಶವಿಲ್ಲ.

ಜನವರಿ 5ಕ್ಕೆ ಮುಂಚೆ ಮಾಡಬೇಕಾದದ್ದು ಇಷ್ಟು: ಹದಿನಾರು ಚೀಟಿ, ಗುಟ್ಟುಗಳ ಪಟ್ಟಿ, ಮೂವರು ಓದುಗರಿಗೆ ಜೂನ್ 22ರ ದಿನಾಂಕ ತಿಳಿಸಿ ಒಪ್ಪಿಗೆ, ಸಂಪಾದಕರಲ್ಲಿ ಆಗಸ್ಟ್‌ಗೆ ಜಾಗ. ಚೀಟಿಗಳಲ್ಲಿ ಏಳು ಬರೆದಾಗಿದೆ. ಎಂಟನೆಯದರ ಮೂರನೇ ಸಾಲು ಇನ್ನೂ ಖಾಲಿ.