ಅಟ್ಟದಿಂದ ಇಳಿದ ಟೀವಿ ಗೇಮ್: ರಿಪೇರಿ ಎಲ್ಲಿಗೆ ಬಂತು

ಏಪ್ರಿಲ್ 2020, ಮೊದಲ ವಾರ

ಲಾಕ್‌ಡೌನ್ ಪುಣ್ಯ, ಟೀವಿ ಗೇಮ್ ಅಟ್ಟದಿಂದ ಕೆಳಗೆ ಬಂತು. 1983ರಲ್ಲಿ ಜಪಾನಿನಲ್ಲಿ ಬಂದ, ಟೀವಿಗೆ ಸಿಕ್ಕಿಸಿ ಆಡುವ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಇದು. ಅಡಾಪ್ಟರ್ ವೈರು ಪಿನ್ನಿನ ಹತ್ತಿರ ತುಂಡಾಗಿತ್ತು, ಬೆಸುಗೆ ಹಾಕಿದೆ. ಕೆಂಪು ದೀಪ ಹತ್ತಿತು. ಪರದೆ ಮಾತ್ರ ಬರೀ ಬೂದು.

ಗೇಮ್ ಇರುವ ಕ್ಯಾಸೆಟ್ ಬಿಚ್ಚಿದರೆ 60 ಪಿನ್ನುಗಳೂ ಕಪ್ಪು. ಚಿಕ್ಕವರಿದ್ದಾಗ ಉಫ್ ಅಂತ ಊದುತ್ತಿದ್ದೆವಲ್ಲ, ಆ ಉಸಿರಿನ ತೇವ ಪಿನ್ನಿಗೆ ಒಳ್ಳೆಯದಲ್ಲ. ಆಗೆಲ್ಲ ಗೇಮ್ ಓಡುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸಿದ್ದಕ್ಕೆ, ಹೆಸರು ಬಂದದ್ದು ಊದಿದ್ದಕ್ಕೆ! ಮನೆ ತುಂಬ ಸ್ಯಾನಿಟೈಸರ್ ಇದೆ, ಆದರೆ ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಮಗಳ ಪೆನ್ಸಿಲ್ ರಬ್ಬರ್ ತೊಗೊಂಡು ಮೆತ್ತಗೆ ಉಜ್ಜಿದೆ. ತಾಮ್ರ ಹೊಳೆಯಿತು, ಮೆನು ಬಂತು. ಲೇಬಲ್ ಮೇಲೆ 9999 ಗೇಮ್. ಒಳಗೆ ಅವೇ ನಾಲ್ಕಾರು, ಹೆಸರು ಬದಲಿಸಿಕೊಂಡು ಸುತ್ತುತ್ತವೆ.

ಎರಡನೇ ವಾರ

ಕಾಂಟ್ರಾ ಅನ್ನೋ ಗುಂಡಿನ ಕಾಳಗದ ಗೇಮ್ ಓಡುತ್ತಿದೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಶುರುವಿನಲ್ಲಿ ಬಟನ್‌ಗಳನ್ನು ಹೀಗೆ ಒತ್ತಿದರೆ ಮೂರರ ಬದಲು 30 ಜೀವ. ಬೆರಳಿಗೆ ಎಲ್ಲ ನೆನಪಿದೆ. ಈ ಕೋಡ್ ಮಾಡಿದ ಕಜುಹಿಸಾ ಹಶಿಮೊಟೊ ಇದೇ ಫೆಬ್ರವರಿಯಲ್ಲಿ ತೀರಿಕೊಂಡರು. ಗ್ರೇಡಿಯಸ್ ಅನ್ನೋ ಗೇಮ್ ಪರೀಕ್ಷಿಸುವಾಗ ಕಷ್ಟವಾಯಿತು ಅಂತ ತಮಗೇ ಮಾಡಿಕೊಂಡದ್ದಂತೆ.

ಮಗಳಿಗೆ ಕಾಂಟ್ರಾ ಹಿಡಿಸಲಿಲ್ಲ. ಬ್ಯಾಟಲ್ ಸಿಟಿ ಅಂದರೆ ಪ್ರಾಣ. ಶತ್ರು ಟ್ಯಾಂಕುಗಳಿಂದ ನಮ್ಮ ನೆಲೆಯ ಹಕ್ಕಿಯನ್ನು ಕಾಯುವ ಗೇಮ್ ಅದು. ಇಬ್ಬರು ಆಡುವಾಗ ನಮ್ಮ ಗುಂಡು ಜೊತೆಗಾರನಿಗೆ ತಾಗಿದರೆ ಅವನ ಟ್ಯಾಂಕ್ ಸ್ವಲ್ಪ ಹೊತ್ತು ಕದಲುವುದಿಲ್ಲ. ಅವಳು ಬೇಕಂತಲೇ ನನಗೆ ಹೊಡೆಯುತ್ತಾಳೆ. ‘ಅಪ್ಪಾ, ಸುಮ್ನೆ ನಿಂತ್ಕೋ, ಹಕ್ಕಿ ನಾನು ಕಾಯ್ತೀನಿ.’ ನಾವೇ ಮೈದಾನ ಕಟ್ಟಿಕೊಳ್ಳುವ ಕನ್‌ಸ್ಟ್ರಕ್ಷನ್‌ನಲ್ಲಿ ಹಕ್ಕಿಯ ಸುತ್ತ ಬರೀ ಉಕ್ಕಿನ ಗೋಡೆ ಕಟ್ಟಿದಳು. ಸೇವ್ ಮಾಡೋಕೆ ಬರಲ್ಲ, ಕರೆಂಟ್ ಹೋಯಿತು, ಕೋಟೆಯೂ ಹೋಯಿತು. ಈಗ ಗೆರೆ ಪುಸ್ತಕದಲ್ಲಿ ನಕ್ಷೆ ಬರೆದಿಡುತ್ತಾಳೆ.

ಈ ವಾರ

ಪರದೆಯ ಬಾತುಕೋಳಿಗೆ ಆಟಿಕೆ ಬಂದೂಕಿನಿಂದ ಗುರಿಯಿಡುವ ಗೇಮ್ ಡಕ್ ಹಂಟ್. ಗುರಿ ತಾಗುತ್ತಲೇ ಇಲ್ಲ. ಬಂದೂಕು ಸರಿಯಾಗೇ ಇದೆ, ತೊಂದರೆ ಎಲ್‌ಇಡಿ ಟೀವಿಯದು. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಪರದೆ ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಬಾಯಲ್ಲಿರುವ ಸೆನ್ಸರ್ ಆ ಬೆಳಕು ಹಿಡಿಯಬೇಕು. ಹೊಸ ಟೀವಿಗಳಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಇದಕ್ಕೆ ಪಿಕ್ಚರ್ ಟ್ಯೂಬ್ ಟೀವಿಯೇ ಆಗಬೇಕು. ಮೇಲಿನ ಮನೆ ಅಜ್ಜಿ ಹತ್ತಿರ ಒಂದಿದೆ. ಸದ್ಯಕ್ಕೆ ಕೊಡಲ್ಲ, ದೂರದರ್ಶನದಲ್ಲಿ ರಾಮಾಯಣ ಬರ್ತಿದೆಯಲ್ಲ.