ಕಿಲ್ಟ್ ಸರಿ, ಕಾಲಿಗೆ ಏನು?

ಚಿಕ್ಕಪ್ಪನ ಮಗ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಅವನ ಜೊತೆ ಓದುವ ಸ್ಕಾಟಿಷ್ ಹುಡುಗನೊಬ್ಬನ ಮದುವೆಯಂತೆ. ಗಂಡಿನ ಕಡೆ ನಿಲ್ಲುವ ಗೆಳೆಯರೆಲ್ಲ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಲಂಗ, ಹಾಕಬೇಕು, ಇವನೂ ಸೇರಿ. ಕಿಲ್ಟ್, ಜಾಕೆಟ್, ಸೊಂಟದ ಮುಂದೆ ನೇತಾಡುವ ಸ್ಪೋರನ್ ಚೀಲ, ಎಲ್ಲ ಬಾಡಿಗೆ ಅಂಗಡಿಯವರೇ ಕೊಡುತ್ತಾರೆ. "ಅಣ್ಣಾ, ಶೂ ಮಾತ್ರ ಇಂಟರ್‌ವ್ಯೂಗೆ ಅಂತ ತಗೊಂಡಿದ್ದೇ ಹಾಕ್ಕೊಳ್ಲಾ?" ಅಂತ ಫೋಟೊ ಕಳಿಸಿದ. ತೆಳ್ಳಗಿನ ಸೋಲ್, ಚೂಪು ಮೂತಿ, ಫಳಫಳ ಹೊಳಪು. ಬೇಡ ಅಂದೆ. ಯಾಕೆ ಬೇಡ ಅಂತ ವಾಟ್ಸಾಪಿನಲ್ಲಿ ಬರೆಯಲು ಕೂತರೆ ಮುಗಿಯಲೇ ಇಲ್ಲ. ಅದಕ್ಕೆ ಇಲ್ಲಿಗೇ ಹಾಕುತ್ತಿದ್ದೇನೆ.

ನಾನಿರುವುದು ಎಡಿನ್‌ಬರೋದ ಲೀತ್‌ನಲ್ಲಿ. ನನ್ನದೇ ಒಂದು ಕಿಲ್ಟ್ ಇದೆ, ಬ್ಲ್ಯಾಕ್ ವಾಚ್ ಟಾರ್ಟನ್. ಟಾರ್ಟನ್ ಅಂದರೆ ಒಂದೊಂದು ಕುಲಕ್ಕೆ ಒಂದೊಂದು ಅಂತ ಇರುವ ಚೌಕುಳಿ ವಿನ್ಯಾಸ. ನನ್ನದು ಕಡು ಹಸಿರು, ಕಡು ನೀಲಿ. ಯಾವ ಕುಲದವರು ಅಂತ ನೋಡದೆ ಯಾರು ಬೇಕಾದರೂ ಹಾಕಬಹುದಾದ ಪಟ್ಟಿಯಲ್ಲಿ ಅದೂ ಒಂದು. ಸಾಗರದ ಕಡೆಯವನು ನೀನ್ಯಾಕೆ ಕಿಲ್ಟ್ ಹಾಕುತ್ತೀಯ ಅಂತ ಇಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಶೂ ಬಗ್ಗೆ ಮಾತ್ರ ಕೇಳದೆಯೂ ಹೇಳುತ್ತಾರೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಹಿಂದೆ ಪೈಪ್ ಬ್ಯಾಂಡಿನಲ್ಲಿ ಊದುತ್ತಿದ್ದವರು. ಮೆಟ್ಟಿಲ ಮೇಲೆ ನಾನು ಕಿಲ್ಟಿನಲ್ಲಿ ಸಿಕ್ಕರೆ ಅವರ ಕಣ್ಣು ಮೊದಲು ಕೆಳಗೆ ಹೋಗುತ್ತದೆ, ಆಮೇಲೆ ಮುಖಕ್ಕೆ.

ಅದಕ್ಕೊಂದು ಕಾರಣವೂ ಇದೆ. ಪ್ಯಾಂಟ್ ಹಾಕಿದಾಗ ಶೂವಿನ ಅರ್ಧ ಭಾಗ ಮುಚ್ಚಿಹೋಗುತ್ತದೆ. ಕಿಲ್ಟ್ ಮೊಣಕಾಲ ಚಿಪ್ಪಿನ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ನೆಲದವರೆಗೆ ಎಲ್ಲವೂ ಬಟಾಬಯಲು. ಮೇಲೆ ನೋಡಿದರೆ 8 ಗಜ ಉಣ್ಣೆ ಬಟ್ಟೆ, ಹಿಂದುಗಡೆ ಒತ್ತೊತ್ತಾಗಿ ನೆರಿಗೆ. ದಪ್ಪ ಬಟ್ಟೆಯದಾದರೆ ಹತ್ತಿರ ಹತ್ತಿರ 2 ಕಿಲೋ ತೂಕ. ಅಷ್ಟು ಭಾರದ ಕೆಳಗೆ ತೆಳ್ಳಗಿನ ಚೂಪು ಶೂ ಇಟ್ಟರೆ ಮನುಷ್ಯ ಈಗ ಬಿದ್ದ, ಆಗ ಬಿದ್ದ ಅನ್ನಿಸುತ್ತದೆ. ಶೂ ದುಬಾರಿಯದೋ ಅಗ್ಗದ್ದೋ ಅದು ಆಮೇಲಿನ ಮಾತು. ಸೋಲ್ ದಪ್ಪ ಇರಬೇಕು, ಮೂತಿ ದುಂಡಗಿರಬೇಕು.

ಬಾಡಿಗೆ ಅಂಗಡಿಯವರು ಕಣ್ಣು ಮುಚ್ಚಿ ಕೊಡುವುದು ಗಿಲ್ಲಿ ಬ್ರೋಗ್ ಎಂಬ ಶೂ. ಇದಕ್ಕೆ ನಾಲಿಗೆ ಇರುವುದಿಲ್ಲ. ಮುಂದೆ ತೆರೆದೇ ಇರುತ್ತದೆ, ಎರಡೂ ಕಡೆ ಚರ್ಮದ ಕುಣಿಕೆಗಳು, ಅದರಲ್ಲಿ ಮಾರುದ್ದದ ಲೇಸ್, ಲೇಸಿನ ತುದಿಗೆ ಕುಚ್ಚು. ಚರ್ಮದ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ತೂತುಗಳು. ಜೌಗು ನೆಲದಲ್ಲಿ ನಡೆಯುವಾಗ ಒಳಗೆ ಹೋದ ನೀರು ಹೊರಗೆ ಬರಲಿ ಅಂತ ಈ ತೂತು ಎಂದು ಅಂಗಡಿಯವರು ಹೇಳುತ್ತಾರೆ. ಸುಮ್ನೆ ಕಥೆ ಅಂದುಕೊಂಡಿದ್ದೆ, ಆದರೆ ಇದಕ್ಕೆ ಹಳೆಯ ಸಾಕ್ಷಿಯೇ ಇದೆ. 1543ರಲ್ಲಿ ಜಾನ್ ಎಲ್ಡರ್ ಎಂಬ, ಹೈಲ್ಯಾಂಡ್ ಅಂದರೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಪಾದ್ರಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಗೆ ಒಂದು ಪತ್ರ ಬರೆದ. ನಮ್ಮವರು ಕೆಂಪು ಜಿಂಕೆ ಬೇಟೆಯಾಡಿ, ಅದರ ತೊಗಲಿನ ಮೇಲೆ ಕಾಲಿಟ್ಟು ಅಳತೆ ತೆಗೆದು, ತಾವೇ ಚಪ್ಪಲಿ ಮಾಡಿಕೊಳ್ಳುತ್ತಾರೆ, ನೀರು ಬಂದ ಹಾಗೆ ಹೋಗಲಿ ಅಂತ ಅದಕ್ಕೆ ತೂತು ಹೊಡೆಯುತ್ತಾರೆ, ಕೂದಲಿರುವ ಬದಿ ಹೊರಗೆ ಬರುವಂತೆ ಹೊಲಿಯುತ್ತಾರೆ ಅಂತ ಅದರಲ್ಲಿದೆ. ಓದಿದಾಗ ನನಗೆ ನೆನಪಾದದ್ದು ಮಳೆಗಾಲದಲ್ಲಿ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಪ್ಲಾಸ್ಟಿಕ್ ಸ್ಯಾಂಡಲ್. ಹಳ್ಳ ದಾಟಿದರೆ ಬಳಕ್ಕನೆ ನೀರು ತುಂಬುತ್ತಿತ್ತು, ನಾಲ್ಕು ಹೆಜ್ಜೆಗೆ ಖಾಲಿ.

ಈಗಿನ ಗಿಲ್ಲಿಯಲ್ಲಿ ಆ ತೂತು ಬರೀ ಅಲಂಕಾರ, ಒಳಗಿನ ಚರ್ಮದವರೆಗೆ ಹೋಗುವುದೇ ಇಲ್ಲ. ನಾಲಿಗೆ ಇಲ್ಲವಾದ್ದರಿಂದ ನೀರು ಮೇಲಿನಿಂದ ಸಲೀಸಾಗಿ ಇಳಿಯುತ್ತದೆ. ಹೊರಗೆ ಬರಲು ಮಾತ್ರ ದಾರಿಯಿಲ್ಲ. ಸ್ಕಾಟ್ಲೆಂಡಿನ ಮಳೆಗೆ ಹೇಳಿ ಮಾಡಿಸಿದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗಿಲ್ಲಿಯ ನಿಜವಾದ ಕೆಲಸ ಇರುವುದು ಲೇಸ್ ಕಟ್ಟುವುದರಲ್ಲಿ. ಮದುವೆ ಫೋಟೊಗಳಲ್ಲಿ ನೋಡಿ, ಅರ್ಧ ಜನ ರೋಮನ್ ಸೈನಿಕರ ಹಾಗೆ ಮೀನಖಂಡದವರೆಗೂ ಲೇಸ್ ಸುತ್ತಿಕೊಂಡಿರುತ್ತಾರೆ. ಕೆಳಮನೆಯ ಹಿರಿಯರು ನನಗೆ ಕಲಿಸಿದ್ದು ಹೀಗೆ. ಮೊದಲು ಎರಡೂ ಬದಿ ಹತ್ತಿರ ಬರುವ ಹಾಗೆ ಲೇಸ್ ಬಿಗಿಯಾಗಿ ಎಳೆಯಬೇಕು. ಆಮೇಲೆ ಕಣಕಾಲಿನ ಮುಂದೆ ಎರಡು ಎಳೆಗಳನ್ನೂ ಒಂದಕ್ಕೊಂದು ಮೂರು ನಾಲ್ಕು ಸಲ ಹೊಸೆಯಬೇಕು. ಆಗ ಅದು ಹಗ್ಗದ ತುಂಡಾಗಿ ನೇರ ಮೇಲಕ್ಕೆ ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಒಯ್ದು, ಅಡ್ಡ ಹಾಕಿ, ಮುಂದಕ್ಕೆ ತಂದು ಗಂಟು. ಗಂಟು ನಟ್ಟನಡುವೆ ಬೇಡ, ಸ್ವಲ್ಪ ಹೊರಬದಿಗೆ ಇರಲಿ. ಕಣಕಾಲಿನ ಮೂಳೆಯಿಂದ ನಾಲ್ಕು ಬೆರಳು ಮೇಲೆ ಕಟ್ಟಿದರೆ ಸಾಕು, ಕುಚ್ಚು ತಾನಾಗಿ ಇಳಿಬೀಳುತ್ತದೆ. ಗಂಟಿನ ಮೇಲೆ ಇನ್ನೊಂದು ಗಂಟು ಕಡ್ಡಾಯ. ಊಟ ಆದಮೇಲೆ ಕೇಲಿ ಅಂತ ಎಲ್ಲರೂ ಸೇರಿ ಕುಣಿಯುವುದು ಇರುತ್ತದಲ್ಲ, ಅಲ್ಲಿ ಸ್ಟ್ರಿಪ್ ದ ವಿಲೋ ಎಂಬ ಕುಣಿತ ಶುರುವಾದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗಿರಗಿರ ತಿರುಗಿಸಿ ದಾಟಿಸುತ್ತಾರೆ. ಒಂದು ಮದುವೆಯಲ್ಲಿ ಮದುಮಗನ ಲೇಸ್ ಬಿಚ್ಚಿಕೊಂಡಿತು. ಹಿಂದಿನವರು ಅದರ ಮೇಲೆ ಕಾಲಿಟ್ಟರು. ಮದುಮಗ ಮುಂದಕ್ಕೆ ಹೋದ, ಶೂ ಇದ್ದಲ್ಲೇ ಇತ್ತು.

ಆನ್‌ಲೈನಿನಲ್ಲಿ ತರಿಸುವವರಿಗೆ ಒಂದು ಮಾತು. ಗಿಲ್ಲಿ ಅಂತ ಹುಡುಕಿದರೆ ಹೈಲ್ಯಾಂಡ್ ನೃತ್ಯದವರು ಹಾಕುವ ಮೆತ್ತನೆ ಚರ್ಮದ ಶೂಗಳೂ ಬರುತ್ತವೆ. ಅದು ವೇದಿಕೆಗೆ ಮಾತ್ರ, ರಸ್ತೆಗಲ್ಲ. ಪೈಪ್ ಬ್ಯಾಂಡಿನವರು ಶೂ ಮೇಲೆ ಕಣಕಾಲು ಮುಚ್ಚುವಂತೆ ತೊಡುವ ಬಿಳಿ ಹೊದಿಕೆ, ಸ್ಪ್ಯಾಟ್ಸ್, ಕೂಡ ಹಾಗೆಯೇ, ಬ್ಯಾಂಡಿನವರಿಗೇ ಬಿಟ್ಟುಬಿಡಿ. ಬೆಳ್ಳಿ ಬಣ್ಣದ ಬಕಲ್ ಇರುವ ಶೂ ಇನ್ನೊಂದಿದೆ. ಪ್ರಿನ್ಸ್ ಚಾರ್ಲಿ ಜಾಕೆಟ್, ಬೋ ಟೈ ಹಾಕುವ ರಾತ್ರಿ ಊಟಗಳಿಗೆ ಅದು ಚೆನ್ನ. ಹಗಲು ಮದುವೆಗೆ ಜಾಸ್ತಿ ಆಯಿತು.

ಹಾಗಾದರೆ ನಾನು ಹಾಕುವುದೇನು? ಸಾದಾ ಕಪ್ಪು ಬ್ರೋಗ್. ನಾಲಿಗೆ ಇದೆ, ಲೇಸ್ ಗಿಡ್ಡ, ಸೋಲ್ ದಪ್ಪ. ಆಫೀಸಿಗೂ ಆಗುತ್ತದೆ, ಮದುವೆಗೂ ಆಗುತ್ತದೆ, ಕವಿ ರಾಬರ್ಟ್ ಬರ್ನ್ಸ್ ಹುಟ್ಟುಹಬ್ಬಕ್ಕೆ ಜನವರಿ 25ರಂದು ಮಾಡುವ ಬರ್ನ್ಸ್ ಸಪ್ಪರ್ ಊಟಕ್ಕೂ ಆಗುತ್ತದೆ. ಗಿಲ್ಲಿ ಹಾಕದಿದ್ದರೆ ಕಿಲ್ಟಿಗೆ ಅವಮಾನ ಅನ್ನುವ ಭಾವನೆ ಬಾಡಿಗೆ ಅಂಗಡಿಗಳಿಂದ ಹಬ್ಬಿದ್ದು ಅಂತ ನನಗೆ ಅನುಮಾನ. ಹಗಲು ಹೊತ್ತು ಟ್ವೀಡ್ ಜಾಕೆಟ್ ಹಾಕುವ ಇಲ್ಲಿನ ಹಳಬರ ಕಾಲಲ್ಲಿ ನಾನು ಜಾಸ್ತಿ ನೋಡಿರುವುದು ಕಂದು ಬಣ್ಣದ ಸಾದಾ ಬ್ರೋಗನ್ನೇ. ಬಣ್ಣದ ಲೆಕ್ಕ ಸುಲಭ: ಬೆಲ್ಟು, ಸ್ಪೋರನ್ ಕಪ್ಪಾದರೆ ಶೂ ಕಪ್ಪು, ಅವು ಕಂದಾದರೆ ಶೂ ಕಂದು. ಫುಟ್ಬಾಲ್ ನೋಡಲು ಹ್ಯಾಂಪ್‌ಡೆನ್‌ಗೆ, ರಗ್ಬಿಗೆ ಮರೀಫೀಲ್ಡ್‌ಗೆ ಹೋಗುವವರು ದಪ್ಪ ಬೂಟು ಹಾಕಿ, ಕಾಲುಚೀಲ ಕೆಳಗೆ ಮಡಚಿಕೊಂಡಿರುತ್ತಾರೆ. ಅದೂ ಚೆನ್ನಾಗಿಯೇ ಕಾಣುತ್ತದೆ. ಬೂಟಿಗೆ ಕಿಲ್ಟಿನ ಭಾರ ಹೊರುವ ಮೈಕಟ್ಟು ಇದೆ. ಬಿಳಿ ಸ್ನೀಕರ್ಸ್ ಮಾತ್ರ ನನ್ನ ಕಣ್ಣಿಗೆ ಇನ್ನೂ ಒಗ್ಗಿಲ್ಲ, ವಯಸ್ಸಿನ ದೋಷ ಇರಬಹುದು.

ಸೈಜ್ ವಿಷಯದಲ್ಲಿ ನಮ್ಮವರಿಗೆ ತಲೆನೋವಿಲ್ಲ. ಭಾರತದಲ್ಲಿ ನಡೆಯುವುದೂ ಬ್ರಿಟನ್ನಿನ ನಂಬರೇ. ಊರಲ್ಲಿ 8 ಅಂದರೆ ಇಲ್ಲೂ 8. ಆದರೆ ಕಿಲ್ಟಿನ ಕಾಲುಚೀಲ ದಪ್ಪ ಉಣ್ಣೆಯದು. ಅದನ್ನು ಹಾಕಿಕೊಂಡೇ ಶೂ ಹಾಕಿ ನೋಡಬೇಕು. ಗಿಲ್ಲಿಯಾದರೆ ಇನ್ನೂ ಮುಖ್ಯ, ನಾಲಿಗೆ ಇಲ್ಲದ ಕಾರಣ ಲೇಸ್ ನೇರವಾಗಿ ಚೀಲದ ಮೇಲೇ ಒತ್ತುತ್ತದೆ. ತೆಳು ಚೀಲವಾದರೆ ಸಂಜೆ ಹೊತ್ತಿಗೆ ಪಾದದ ಮೇಲೆ ಕೆಂಪು ಬರೆ. ಚೀಲದ ಮಡಿಕೆ ಮೊಣಕಾಲ ಚಿಪ್ಪಿಗಿಂತ ಮೂರು ಬೆರಳು ಕೆಳಗೆ ನಿಲ್ಲಬೇಕು, ಒಳಗೆ ಗಾರ್ಟರ್ ಪಟ್ಟಿ ಕಟ್ಟಬೇಕು, ಇಲ್ಲದಿದ್ದರೆ ಮೊದಲ ಕುಣಿತಕ್ಕೇ ಜಾರಿ ಕಣಕಾಲಿಗೆ ಬರುತ್ತದೆ.

ಇನ್ನು ಅಂಗಾಲಿನ ಕಡೆ. ಪೂರ್ತಿ ಚರ್ಮದ ಸೋಲ್ ನೋಡಲು ಚಂದ. ಎಡಿನ್‌ಬರೋದ ಹಳೆಯ ಬೀದಿ ರಾಯಲ್ ಮೈಲ್‌ನ ಕಲ್ಲುಹಾಸು ಒದ್ದೆಯಾದಾಗ ಅದನ್ನು ಹಾಕಿ ನಡೆದವರಿಗೇ ಗೊತ್ತು ಅದರ ಕಷ್ಟ. ಕಿಲ್ಟಿನಲ್ಲಿ ಜಾರಿ ಬೀಳುವುದು ಪ್ಯಾಂಟಿನಲ್ಲಿ ಜಾರಿ ಬಿದ್ದಷ್ಟು ಸರಳ ಅಲ್ಲ, ಅರ್ಥ ಮಾಡಿಕೊಳ್ಳಿ. ಶೂ ರಿಪೇರಿಯವನ ಹತ್ತಿರ ಮುಂಭಾಗಕ್ಕೆ ತೆಳು ರಬ್ಬರ್ ಅಂಟಿಸಿಕೊಂಡರೆ ನೆಮ್ಮದಿ. ಪೂರ್ತಿ ಒರಟು ರಬ್ಬರ್ ಆದರೆ ಕುಣಿಯುವಾಗ ಕಾಲು ತಿರುಗದೆ ಮಂಡಿ ತಿರುಗುತ್ತದೆ, ಅದೂ ಬೇಡ.

ತಮ್ಮನಿಗೆ ಕೊನೆಗೆ ಬರೆದದ್ದು ಇಷ್ಟು: ಬಾಡಿಗೆಯವರ ಗಿಲ್ಲಿ ಬೇಕಾದರೆ ತಗೋ, ಎಷ್ಟು ಜನರ ಕಾಲು ಕಂಡಿದೆಯೋ, ಒಳಗೆ ಮೂಸಿ ನೋಡಿ ತಗೋ. ಇಲ್ಲದಿದ್ದರೆ ನನ್ನ ಬ್ರೋಗ್ ಇದೆ, ನಿನ್ನದೂ 8 ತಾನೇ, ಶನಿವಾರ ಬಂದು ಒಯ್ಯಿ. ಕಾಲುಚೀಲ ಮಾತ್ರ ಹೊಸದೇ ಕೊಂಡುಕೋ. ಬಾಡಿಗೆಯ ಬಿಳಿ ಚೀಲ ಬೇಡ, ಕಡು ಬೂದು ಬಣ್ಣದ್ದು ತಗೋ. ಸಾರು ಬಿದ್ದರೂ ಕಾಣುವುದಿಲ್ಲ.