ಕಾಕಾರ ಲ್ಯಾಪ್‌ಟಾಪ್: ಡಿಸ್ಕ್ ಸಾಯ್ಲಕತ್ತದ, ಒಳಗಿಂದೆಲ್ಲಾ ಹೊರಗ ತೆಗೀಬೇಕು

ಶನಿವಾರ ರಾತ್ರಿ

ಕಾಕಾರ ಲ್ಯಾಪ್‌ಟಾಪ್ ಈಗ ನನ್ನ ಟೇಬಲ್ ಮ್ಯಾಲ ಅದ. ಕಲಬುರಗಿದಾಗಿನ ಬ್ರಹ್ಮಪುರದಿಂದ ಗಾಡಿ ಮ್ಯಾಲ ಚೀಲದಾಗ ಹಾಕ್ಕೊಂಡು ಅವರೇ ತಂದು ಕೊಟ್ಟಾರ. ಆನ್ ಮಾಡಿ ಜಳಕ ಮುಗಿಸಿ ಬಂದ್ರೂ ಡೆಸ್ಕ್‌ಟಾಪ್ ಬಂದಿರಲ್ಲ, ಬಂದ್ರೂ ಒಂದ್ ಫೋಲ್ಡರ್ ಕ್ಲಿಕ್ ಮಾಡಿದ್ರ ಮೌಸ್ ಸುದ್ದಾ ನಿಂತು ಬಿಡ್ತದ. 4 ಜಿಬಿ ರ್‍ಯಾಮ್, 1 ಟಿಬಿ ತಿರುಗೋ ಹಾರ್ಡ್ ಡಿಸ್ಕ್, ವಿಂಡೋಸ್ 10. ಸೂಪರ್ ಮಾರ್ಕೆಟ್ ಕಡೀ ಒಂದ್ ಅಂಗಡ್ಯಾಗ ತೋರಿಸಿದ್ರಂತ, ಅವರು ಮುಚ್ಚಳ ಸುದ್ದಾ ಬಿಚ್ಚಲಾರದೇ ವೈರಸ್ ಅದ ಫಾರ್ಮ್ಯಾಟ್ ಹೊಡೀತೀವಿ ಅಂದ್ರಂತ. ಪುಣ್ಯಾ, ಕಾಕಾ ಬ್ಯಾಡ ಅಂದು ವಾಪಸ್ ತಂದಾರ.

ಬ್ಯಾಡ ಅಂದಿದ್ದಕ್ಕ ಕಾರಣ ಅದ. ಮಾಸ್ತರಕಿ ಮಾಡಿ ರಿಟೈರ್ ಆದ ಮ್ಯಾಲ ಆಳಂದ, ಜೇವರ್ಗಿ, ಅಫಜಲಪುರ ಕಡೀ ಹಳ್ಳಿ ತಿರುಗಿ ತತ್ವಪದ, ಬೀಸೋ ಪದ, ಮೊಹರಂ ಅಲಾಯಿ ಮುಂದ ಹಾಡೋ ರಿವಾಯತ್ ಪದ ಎಲ್ಲಾ ರೆಕಾರ್ಡ್ ಮಾಡ್ಕೊಂಡು ಬಂದಾರ. ಹಾಡಿದವರಾಗ ಭಾಳ ಮಂದಿ ಈಗ ಇಲ್ಲ. ಬ್ಯಾಕಪ್ ಎಲ್ಲದ ಕಾಕಾ ಅಂದ್ರ "ಡಿ ಡ್ರೈವ್‌ನ್ಯಾಗ ಇಟ್ಟೀನಲ್ಲ ತಮ್ಮಾ" ಅಂತಾರ. ಸಿ ಡ್ರೈವ್, ಡಿ ಡ್ರೈವ್ ಎರಡೂ ಒಂದೇ ಡಿಸ್ಕ್ ಅಂತ ಅವರಿಗೆ ಯಾರೂ ಹೇಳೇ ಇಲ್ಲ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡ್ದೆ. ಡಿಸ್ಕ್ 100 ಪರ್ಸೆಂಟ್. ರ್‍ಯಾಮ್ ಕಮ್ಮಿ ಇದ್ರೂ ಹಿಂಗೇ ತೋರಸ್ತದ, ಹಂಗಾಗಿ ಅಷ್ಟಕ್ಕೇ ಡಿಸ್ಕ್ ಮ್ಯಾಲ ಅಪವಾದ ಹಾಕಲಿಕ್ಕೆ ಬರಲ್ಲ. ಖರೇ ಸುಳಿವು ವಿಂಡೋಸ್ ತನ್ನ ತಪ್ಪು ಬರೆದಿಡೋ ಇವೆಂಟ್ ವ್ಯೂವರ್‌ನ್ಯಾಗ ಸಿಗ್ತು, ಸಿಸ್ಟಮ್ ಲಾಗ್ ಒಳಗ ಡಿಸ್ಕ್ ಹೆಸರಲ್ಲಿ ಇವೆಂಟ್ ಐಡಿ 7 ಸಾಲಾಗಿ ಕುಂತಾವ, ಅಂದ್ರ ಬ್ಯಾಡ್ ಬ್ಲಾಕ್, ಡಿಸ್ಕಿನ ಕೆಟ್ಟ ಜಾಗ, ನಡುವ ನಡುವ 153, ಅಂದ್ರ ಓದ್ಲಿಕ್ಕೆ ಆಗಲಾರದ ಮತ್ತೊಮ್ಮೆ ಪ್ರಯತ್ನ ಮಾಡೀನಿ ಅಂತ. ಆಮ್ಯಾಲ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ದೆ. ಹಳದಿ ಬಣ್ಣ, ಕಾಷನ್. ಸಿ5 ಅಂದ್ರ ಕರೆಂಟ್ ಪೆಂಡಿಂಗ್ ಸೆಕ್ಟರ್, ಓದ್ಲಿಕ್ಕೆ ಬರಲಾರದ ಡಿಸ್ಕಿನ ಸಣ್ಣ ತುಣುಕುಗಳ ಲೆಕ್ಕ, ಅದರ ಮುಂದ 1ಎ8. ಆ ಸಾಫ್ಟ್‌ವೇರ್ ಈ ಅಂಕಿ ಹೆಕ್ಸ್‌ನ್ಯಾಗ, ಅಂದ್ರ ಹದಿನಾರರ ಲೆಕ್ಕದಾಗ ತೋರಸ್ತದ, ನಮ್ಮ ಲೆಕ್ಕದಾಗ 424 ಸೆಕ್ಟರ್. ಸಿ7, ಅಂದ್ರ ಡೇಟಾ ಸಾಗೋವಾಗ ಆದ ತಪ್ಪಿನ ಲೆಕ್ಕ, ಸೊನ್ನಿ ಅದ, ಅದು ಏರಿದ್ರ ಕೇಬಲ್ ಮ್ಯಾಲ ಸಂಶಯ ಬರ್ತಿತ್ತು.

ಫ್ರೀಜ್ ಯಾಕ ಆಗ್ತದ ಅಂದ್ರ, ಒಂದು ಸೆಕ್ಟರ್ ಓದ್ಲಿಕ್ಕೆ ಬರಲಿಲ್ಲಂದ್ರ ಡಿಸ್ಕ್ ಲಗೂನ ಸೋಲ್ ಒಪ್ಪಲ್ಲ, ಅಲ್ಲೇ ಮತ್ತ ಮತ್ತ ತಿಣುಕ್ತದ, ಅಷ್ಟೊತ್ತೂ ವಿಂಡೋಸ್ ಅದರ ಬಾಯಿ ನೋಡ್ಕೋತ ಕುಂಡ್ರಬೇಕು. ಇದರಾಗ ವೈರಸ್ ಪಾಪ ಏನೂ ಇಲ್ಲ.

ಆಫ್ ಮಾಡಿ ಇಟ್ಟೀನಿ. ಡಿಸ್ಕ್ ತಪಾಸಣಿ ಮಾಡೋ ವಿಂಡೋಸ್ ಕಮಾಂಡ್ ಚೆಕ್‌ಡಿಸ್ಕ್ ಆರ್ ಹಾಕಿ ನೋಡು ಅಂತ ಗೆಳೆಯ ಒಬ್ಬ ಫೋನ್‌ನ್ಯಾಗ ಅಂದ, ವಿಡಿಯೋದಾಗೂ ಎಲ್ಲಾರೂ ಅದನ್ನೇ ಹೇಳ್ತಾರ. ಡೇಟಾ ಹೊರಗ ಬರೋತನಕ ನಾ ಅದನ್ನ ಮುಟ್ಟಲ್ಲ. ಅದಕ್ಕ ಫೈಲ್ ಸಿಸ್ಟಮ್ ಸರಿ ಮಾಡೋದು ಮುಖ್ಯ, ನಮ್ಮ ಫೈಲ್ ಉಳಿಯೋದು ಮುಖ್ಯ ಅಲ್ಲ. ಸಾಯ್ಲಕತ್ತಿದ ಡಿಸ್ಕ್ ಪೂರಾ ಓದಿಸ್ತದ, ಅದರ ಮ್ಯಾಲೇ ಬರೀತದ, ಹೊಂದಲಾರದ ಎಂಟ್ರಿ ಕಿತ್ತಿ ಹಾಕ್ತದ. ಫೈಲಿನ ತುಣುಕು ಒಂದ್ಕಡೆ ಜೋಡಿಸೋ ಡಿಫ್ರ್ಯಾಗ್‌ದಂತೂ ಹೆಸರೇ ತೆಗೀಬ್ಯಾಡ್ರಿ.

ಐತವಾರ

2 ಟಿಬಿ ಎಕ್ಸ್‌ಟರ್ನಲ್ ತರಿಸೀನಿ. ಕಾಕಾ "1 ಟಿಬಿಗೆ 1 ಟಿಬಿ ಸಾಕಲ್ಲೋ" ಅಂತ ಚೌಕಾಸಿ ಮಾಡಿದ್ರು. ಸಾಕಾಗಲ್ಲ, ಯಾಕಂದ್ರ ಪೂರಾ ಡಿಸ್ಕಿನ ಇಮೇಜ್ ಫೈಲ್, ಅಂದ್ರ ಇದ್ದಂಗೇ ನಕಲು ತೆಗೆದ್ರ ಅದು ಡಿಸ್ಕ್ ಅಷ್ಟೇ ದೊಡ್ಡದು ಆಗ್ತದ, ಅಷ್ಟೇ ಸೈಜಿನ ಡಿಸ್ಕ್ ಫಾರ್ಮ್ಯಾಟ್ ಮಾಡಿದ ಮ್ಯಾಲ ಅದರಾಗ ಹಿಡಿಯಲ್ಲ. ಮತ್ತ ಆಮ್ಯಾಲ ಫೈಲ್ ಬಿಡಿಸ್ಲಿಕ್ಕೂ ಜಾಗ ಬೇಕು. ಅದನ್ನ ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡೀನಿ. ಫ್ಯಾಟ್32 ಇದ್ರ 4 ಜಿಬಿ ದಾಟಿದ ಫೈಲ್ ಕುಂಡ್ರಲ್ಲ.

ಡಿಸ್ಕ್ ಹೊರಗ ತೆಗೆದು ಯುಎಸ್‌ಬಿ ಕೇಬಲ್‌ಗೆ ಹಾಕೋದು ಬಿಟ್ಟು ಲ್ಯಾಪ್‌ಟಾಪ್ ಒಳಗೇ ಇರ್ಲಿ ಅಂತ ಬಿಟ್ಟೆ. ಸೋವಿ ಯುಎಸ್‌ಬಿ ಅಡಾಪ್ಟರ್ ಎರರ್ ಬಂದಾಗೆಲ್ಲಾ ಡಿಸ್ಕನ್ನೇ ಕಳಕೊಂಡು ಬಿಡ್ತಾವ. ಪೆನ್‌ಡ್ರೈವ್‌ನ್ಯಾಗ ಸಿಸ್ಟಮ್‌ರೆಸ್ಕ್ಯೂ ಅನ್ನೋ ಲಿನಕ್ಸ್ ಹಾಕಿ ಅದರಿಂದ ಬೂಟ್ ಮಾಡ್ದೆ, ವಿಂಡೋಸ್ ಎದ್ದೇಳೋ ಪ್ರಸಂಗನೇ ಇಲ್ಲ. ಡಿಸ್ಕಿಗೆ ಕೀಲಿ ಹಾಕೋ ಬಿಟ್‌ಲಾಕರ್ ಇಲ್ಲ ಅಂತ ನಿನ್ನೇನೇ ನೋಡ್ಕೊಂಡಿದ್ದೆ. ಇದ್ದಿದ್ರ ರಿಕವರಿ ಕೀ ಮೊದಲು ಹುಡುಕಬೇಕಾಗ್ತಿತ್ತು, ಕೀ ಇಲ್ಲಂದ್ರ ಇಮೇಜ್ ತೆಗೆದೂ ಉಪಯೋಗಿಲ್ಲ.

ಕೆಲಸಕ್ಕ ಜಿಎನ್‌ಯು ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿಂದ ಡೇಟಾ ಎತ್ತೋ ಸಾಫ್ಟ್‌ವೇರ್. ಉಬುಂಟುದಾಗ ಹುಡುಕೋರು ಜಿಡಿಡಿರೆಸ್ಕ್ಯೂ ಅಂತ ಹುಡುಕ್ರಿ, ಪ್ಯಾಕೇಜ್ ಹೆಸರಿನ ಮುಂದ ಜಿ ಅದ. ಇದರ ಜಾಣತನ ಮ್ಯಾಪ್ ಫೈಲ್‌ನ್ಯಾಗ ಅದ. ಎಲ್ಲಿ ಓದಾಯ್ತು ಎಲ್ಲಿ ಆಗಲಿಲ್ಲ ಅಂತ ಬರ್ಕೋತ ಹೋಗ್ತದ, ಕೆಟ್ಟ ಜಾಗ ಬಂದ್ರ ಅಲ್ಲೇ ಜಗಳಾ ಮಾಡ್ಕೋತ ಕುಂಡ್ರಲಾರದ ಜಿಗದು ಮುಂದ ಹೋಗಿ ಚಂದ ಇದ್ದದ್ದು ಮೊದಲು ಎತ್ತಿಕೊಂತದ. ಶುರು ಮಾಡೋ ಮುಂಚೆ ಡಿಸ್ಕ್ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹೊಡೆದು ಯಾವ್ದು ಎಸ್‌ಡಿಎ, ಯಾವ್ದು ಎಸ್‌ಡಿಬಿ ಅಂತ ಸೈಜ್, ಮಾಡೆಲ್ ಎರಡೂ ತಾಳೆ ನೋಡ್ರಿ, ಯಾಕಂದ್ರ ಹಿಂದ ಮುಂದ ಆದ್ರ ಕಾಕಾರ ಹಾಡಿನ ಮ್ಯಾಲ ಖಾಲಿ ಡಿಸ್ಕ್ ಬರ್ಕೊಂಡು ಹೋಗ್ತದ, ಆಗ ದೇವರೂ ತೆಗೆದು ಕೊಡಲ್ಲ.

ಮೊದಲು ಡಿ ಪಾರ್ಟಿಷನ್ ಅಷ್ಟೇ, ಮೈನಸ್ ಎನ್ ಹಾಕಿ, ಅಂದ್ರ ಕೆರೆದು ತೆಗಿಯೋ ಕೆಲಸ ಆಮ್ಯಾಲ. ಸಿ ಒಳಗ ಇರೋದು ವಿಂಡೋಸ್, ಅದು ಹೋದ್ರ ಹೋಗ್ಲಿ.

ಬಿಸಲಿಂದೇ ದೊಡ್ಡ ತ್ರಾಸ. ಮೇ ತಿಂಗಳದಾಗ ಕಲಬುರಗಿ ಮನ್ಯಾಗ ಸುಮ್ನ ಕುಂತ್ರೇ ಮೈ ಸುಡ್ತದ, ಡಿಸ್ಕ್ ಟೆಂಪರೇಚರ್ ನೋಡಿದ್ರ 54 ಡಿಗ್ರಿ. ಲ್ಯಾಪ್‌ಟಾಪಿನ ಡಿಸ್ಕಿಗೆ ಕಂಪನಿಯವರು ಸಾಮಾನ್ಯವಾಗಿ 60ರ ತನಕ ಅಂತ ಬರೆದಿರ್ತಾರ, ಆದ್ರ ಇದು ಮೊದಲೇ ಜಡ್ಡಿನ ಡಿಸ್ಕ್. ಕೆಳಗಿನ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ, 46ಕ್ಕ ಇಳೀತು. ನಮ್ಮ ಅವ್ವ ಕೂಲರ್ ಮುಂದ ಇಡು ಅಂದ್ಲು, ನೀರಿನ ಹಸಿ ಗಾಳಿ ಬಿಚ್ಚಿದ ಬೋರ್ಡಿಗೆ ಬ್ಯಾಡ ಅಂತ ಇಡಲಿಲ್ಲ. ಹಗಲ ನಿಲ್ಲಿಸಿ ರಾತ್ರಿ ಓಡ್ಸೋದು ಅಂತ ಠರಾಯಿಸೀನಿ.

ಸೋಮವಾರ

ರಾತ್ರಿ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ಎಷ್ಟೋ ದಿನ ಆಗ್ಯದ, ಹಂಗಾಗಿ ಎಲ್ಲಾ ಒಮ್ಮೆಲೇ ಬಂದ್. ಮ್ಯಾಪ್ ಫೈಲ್ ಇದ್ದಿದ್ದಕ್ಕ ಅದೇ ಕಮಾಂಡ್ ಮತ್ತ ಹೊಡೆದೆ, ಬಿಟ್ಟಲ್ಲಿಂದಲೇ ಶುರು ಆಯ್ತು. ಮ್ಯಾಪ್ ಫೈಲ್ ಮಾತ್ರ ಪೆನ್‌ಡ್ರೈವ್‌ನ ಲೈವ್ ಸಿಸ್ಟಮ್ ಒಳಗ ಇಡಬ್ಯಾಡ್ರಿ, ಅದು ರ್‍ಯಾಮ್‌ನ್ಯಾಗ ಇರ್ತದ, ಕರೆಂಟ್ ಜೋಡಿ ಅದೂ ಹೋಗ್ತದ. ಇಮೇಜ್ ಬಾಜೂಕೇ ಎಕ್ಸ್‌ಟರ್ನಲ್ ಡಿಸ್ಕಿನ್ಯಾಗ ಇಡ್ರಿ.

ಮುಂಜಾನಿಗೆ 99.9 ಪರ್ಸೆಂಟ್. ನೋಡ್ಲಿಕ್ಕೆ ಚಂದ ಅನಸ್ತದ, ಆದ್ರ 800 ಜಿಬಿ ಪಾರ್ಟಿಷನ್‌ನ್ಯಾಗ 0.1 ಅಂದ್ರ 800 ಎಂಬಿ, ಅದರಾಗ ಯಾರ ದನಿ ಇದ್ದದ ಯಾರಿಗೆ ಗೊತ್ತು.

ಬುಧವಾರ

ಮೈನಸ್ ಡಿ (ಡಿಸ್ಕಿಂದ ನೇರ ಓದು), ಮೈನಸ್ ಆರ್ 3 (ಮೂರು ಸಲ ಮತ್ತ ಪ್ರಯತ್ನ ಮಾಡು) ಹಾಕಿ ಉಳಿದ ಜಾಗ ಕೆರೀಲಿಕ್ಕೆ ಬಿಟ್ಟೆ, ಒಂದು ರೌಂಡ್ ಕ್ಯಾಪಿಟಲ್ ಆರ್ ಹಾಕಿ ಹಿಂದಿನಿಂದ ಮುಂದಕ್ಕೂ ಓದಿಸಿದೆ. ಹಿಂದಿನಿಂದ ಓದಿಸಿದಾಗ ಜರಾ ಹೆಚ್ಚೇ ಸಿಕ್ತು. ಕಡೀಗೆ 6 ಎಂಬಿ ಚಿಲ್ಲರೆ ಉಳೀತು, ಅದು ಏನ್ ಮಾಡಿದ್ರೂ ಬರಲಿಲ್ಲ, ಡಿಸ್ಕ್ ಟಿಕ್ ಟಿಕ್ ಅನ್ಲಿಕ್ಕೆ ಶುರು ಮಾಡ್ತು. ಬಿಟ್ಟೆ.

ಇಮೇಜ್‌ನ ರೀಡ್ ಓನ್ಲಿ ಮೌಂಟ್ ಮಾಡ್ದೆ, ಅಂದ್ರ ಓದ್ಲಿಕ್ಕಷ್ಟೇ ತೆರೆದೆ. ಫೋಲ್ಡರ್ ಎಲ್ಲಾ ಬಂದವು! "ಗುಲ್ಬರ್ಗಾ ಹಾಡು", "ಆಳಂದ ಹೊಸದು", "ಆಳಂದ ಹೊಸದು ಹೊಸದು". ಕಾಕಾರ ಫೈಲಿಂಗ್ ಪದ್ಧತಿ ಇದು.

ಯಾವ ಫೈಲಿಗೆ ತೂತು ಬಿದ್ದದ ಅಂತ ತಿಳೀಲಿಕ್ಕೆ ಒಂದು ಉಪಾಯ ಅದ. ಇಮೇಜಿಂದ ಇನ್ನೊಂದು ಕಾಪಿ ಮಾಡ್ಕೊಂಡು, ಡಿಡಿರೆಸ್ಕ್ಯೂದ ಫಿಲ್ ಮೋಡ್‌ನಿಂದ ಓದಲಾರದ ಜಾಗದಾಗೆಲ್ಲಾ ಒಂದು ಗುರುತಿನ ಶಬ್ದ ತುಂಬಿಸಿ, ಆ ಶಬ್ದ ಎಲ್ಲೆಲ್ಲಿ ಅದ ಅಂತ ಗ್ರೆಪ್‌ನಿಂದ ಹುಡುಕೋದು. ಹಂಗ ಹುಡುಕಿದ್ರ ಪೆಟ್ಟು ತಿಂದ ಫೈಲ್ ಭಾಳ ಏನಿಲ್ಲ, ಹೆಚ್ಚಿನವು ಎಂಪಿ3. ಎಂಪಿ3 ಆದ್ರ ಹೆದರಿಕಿ ಕಮ್ಮಿ, 128 ಕೆಬಿಪಿಎಸ್ ರೆಕಾರ್ಡಿಂಗ್‌ನ್ಯಾಗ 4 ಕೆಬಿ ಹೋದ್ರ ಸುಮಾರು ಕಾಲ್ ಸೆಕೆಂಡ್ ಹೋಗ್ತದ, ಒಂದ್ ಸಣ್ಣ ಚಟ್ ಅಂತ ಕೇಳಸ್ತದ, ಹಾಡು ಮುಂದ ನಡೀತದ. ವರ್ಡ್‌ನ ಡಾಕ್ಸ್ ಫೈಲ್ ಹಂಗಲ್ಲ, ಅದು ಒಳಗ ಜಿಪ್ ಇರ್ತದ, ನಡುವ ತೂತು ಬಿದ್ರ ವರ್ಡ್ ತೆಗಿಯಲ್ಲೇ ಅಂತದ. ಕಾಕಾ ಟೈಪ್ ಮಾಡಿದ ಪದ ಎಲ್ಲಾ ಹಳೇ ಡಾಕ್ ಫಾರ್ಮ್ಯಾಟ್‌ನ್ಯಾಗೇ ಇಟ್ಟಿದ್ದು ಈ ಒಂದ್ ಸಲಕ್ಕ ಚಲೋ ಆಯ್ತು.

ಆ ಡಾಕ್ ತೆಗೆದು ತೋರಿಸಿದಾಗ ಕಾಕಾರ ಮಾರಿ ಇಳೀತು. ಪಿ, ಎ, ಕ್ಯೂ, ತಲಿಮ್ಯಾಲ ಗೀಟು ಎಳೆದ ಇಂಗ್ಲಿಷ್ ಅಕ್ಷರ, ಪೂರಾ ಪುಟ ಅದೇ. "ಎಲ್ಲಾ ಹೊಲಸ ಆಗ್ಯದಲ್ಲೋ ತಮ್ಮಾ" ಅಂದ್ರು. ಏನೂ ಆಗಿಲ್ಲ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ್ಯಾಗ ಟೈಪ್ ಮಾಡಿದ್ದು, ಎಲ್ಲಾ ಕಡೀ ನಡಿಯೋ ಯೂನಿಕೋಡ್ ಅಲ್ಲ. ನಮಗ ಕಾಣೋ ಕ ಅಂದ್ರ ಫೈಲ್ ಒಳಗ ದೊಡ್ಡ ಪಿ ಮತ್ತ ಗೀಟಿರೋ ದೊಡ್ಡ ಎ. ನನ್ನ ಲಿನಕ್ಸ್‌ನ್ಯಾಗ ನುಡಿ ಫಾಂಟ್ ಇರಲಿಲ್ಲ ಅಷ್ಟೇ. ಫಾಂಟ್ ಹಾಕಿದ ಮ್ಯಾಲ ಪದದ ಸಾಲು ಬಂದು ಕುಂತವು, ಕಾಕಾ ಒಂದೆರಡು ನುಡಿ ಅಲ್ಲೇ ಅಂದು ತೋರಿಸಿದ್ರು, ಕಾಕು ಫೋನ್ ಮಾಡಿ ಕೇಳಿದ್ರ "ಸಿಕ್ಕಾವ, ಸಿಕ್ಕಾವ" ಅಂತ ಎದ್ದು ಹೊರಗ ಹೋಗಿ ಮಾತಾಡಿದ್ರು. ಡೇಟಾ ತೆಗಿಯೋರು ಈ ಮಾತ್ ನೆನಪಿಡ್ರಿ, ಹಳೇ ನುಡಿ, ಬರಹ ಫೈಲ್ ಕೆಟ್ಟಾವ ಅಂತ ಡಿಲೀಟ್ ಹೊಡೆದು ಬಿಡ್ತೀರಿ.

ಇಂದು

ಇನ್ನೂ ಉಳಿದದ್ದು ಹೆಸರಿಲ್ಲದ ಹಾಡುಗಳು. ವಿಂಡೋಸ್ ಡಿಸ್ಕಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನ್ಯಾಗ ಎಲ್ಲಾ ಫೈಲಿನ ಹೆಸರು, ಜಾಗ ಬರ್ಕೊಂಡಿರೋ ಎಂಎಫ್‌ಟಿ ಅಂತ ಒಂದು ಖಾತೆ ಪುಸ್ತಕ ಇರ್ತದ, ಅದರ ಒಂದೊಂದು ದಾಖಲೆ 1 ಕೆಬಿ. 4 ಕೆಬಿ ತೂತು ಅಲ್ಲೇ ಬಿದ್ರ 4 ಫೈಲಿನ ಗುರುತು ಹೋಯ್ತು, ಹಾಡು ಡಿಸ್ಕಿನ್ಯಾಗ ಇದ್ರೂ ಎಲ್ಲದ ಅಂತ ಹೇಳೋರಿಲ್ಲ. ಇದಕ್ಕ ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಇಮೇಜ್ ಮ್ಯಾಲ ಓಡಿಸ್ದೆ, ಎಂಪಿ3 ಅಷ್ಟೇ ಆರಿಸಿ. ಅದು ಹೆಸರು ನೋಡಲ್ಲ, ಫೈಲಿನ ಒಳಗಿನ ಗುರುತು ಹಿಡಿದು ತೆಗೀತದ. ಹಂಗಾಗಿ ಮೊದಲೇ ಸಿಕ್ಕಿದ್ದೂ ಮತ್ತ ಬಂದವು, ಎಂಡಿ5, ಅಂದ್ರ ಫೈಲಿನ ಬೆರಳಚ್ಚು ಇದ್ದಂಗ, ಅದನ್ನ ತಾಳೆ ಹಾಕಿ ಬಹಳಷ್ಟು ಡೂಪ್ಲಿಕೇಟ್ ತೆಗೆದೆ. ಉಳಿದವು ಎಫ್ ಅಕ್ಷರ, ಮುಂದ ಉದ್ದ ನಂಬರ್, ಅಷ್ಟೇ ಹೆಸರು.

ಈಗ ಸಂಜೀಗೆ ಕಾಕಾ ಬರ್ತಾರ, ಹೆಡ್‌ಫೋನ್ ಹಾಕ್ಕೊಂಡು ಕುಂಡ್ರತಾರ, ದನಿ ಕೇಳಿ ಊರು ಹೇಳ್ತಾರ, ನಾ ಹೆಸರು ಬರೀತೀನಿ. ಹಾಡಿದವರ ದನಿ ತಿಳೀಲಿಲ್ಲಂದ್ರ ಹಿಂದಿನ ಸಪ್ಪಳ ಹಿಡೀತಾರ, ಹಿಟ್ಟಿನ ಗಿರಣಿ ಕೇಳಿದ್ರ ಇದು ಆ ಊರ ಗುಡಿ ಕಟ್ಟಿ ಅಂತಾರ. ಒಂದ್ ರಿವಾಯತ್ ಪದ ಮಾತ್ರ ಜೇವರ್ಗಿ ಕಡೀದೋ ಅಫಜಲಪುರ ಕಡೀದೋ ಅಂತ ಬಗೆಹರಿದಿಲ್ಲ, ಅದನ್ನ ಅವರ ಜೋಡಿ ತಿರುಗಿದ ದೋಸ್ತರಿಗೆ ಕಳಿಸೀವಿ.

ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ರ್‍ಯಾಮ್ 8 ಮಾಡೀನಿ, ಈಗ ಓಡ್ಲಕತ್ತದ. ಹಾಡಿನ ಒಂದು ಕಾಪಿ ಆ 2 ಟಿಬಿದಾಗ ನಮ್ಮ ಮನ್ಯಾಗ, ಒಂದು ಕಾಕಾರ ಹತ್ರ. ಹಳೇ ಡಿಸ್ಕ್ ಒಂದ್ ಡಬ್ಬಿದಾಗ ಹಾಕಿ ಕಪಾಟಿನ್ಯಾಗ ಇಟ್ಟೀನಿ, ಹೆಸರಿಲ್ಲದ ಫೋಲ್ಡರ್ ಖಾಲಿ ಆಗೋತನಕ ಅದನ್ನ ಒಗೆಯಲ್ಲ. ಹೆಸರು ಹಚ್ಚೋದು ಇನ್ನೂ ಅರ್ಧಕ್ಕಿಂತ ಹೆಚ್ಚು ಅದ.